ಕಾಸರಗೋಡಿನಲ್ಲಿ ಯಾವ ಇಗರ್ಜಿಗೆ ಹೋಗುವುದು?

ಕಾಸರಗೋಡಿಗೆ ಹೊಸದಾಗಿ ಬಂದವರಿಗೆ ಒಂದು ಎಚ್ಚರಿಕೆ. ರೈಲ್ವೆ ಸ್ಟೇಷನ್ನಿನಲ್ಲಿ ಆಟೋ ಹತ್ತಿ "ಪಳ್ಳಿಗೆ ಬಿಡಿ" ಅನ್ನಬೇಡಿ. ನಾನು ಹಾಗೆ ಹೇಳಿ ತಳಂಗರೆಯ ಮಾಲಿಕ್ ದೀನಾರ್ ಮಸೀದಿಯ ಎದುರು ಇಳಿದಿದ್ದೇನೆ. ಆಟೋದವರ ತಪ್ಪಿಲ್ಲ. ಮಲಯಾಳದಲ್ಲಿ ಮಸೀದಿಯೂ ಪಳ್ಳಿ, ಇಗರ್ಜಿಯೂ ಪಳ್ಳಿ, ಈ ಊರಲ್ಲಿ ಪಳ್ಳಿ ಅಂದರೆ ಮೊದಲು ನೆನಪಾಗುವುದು ಮಾಲಿಕ್ ದೀನಾರ್. ಚರ್ಚ್ ಅನ್ನಿ, ಇಗರ್ಜಿ ಅನ್ನಿ. ಆಗಲೂ ಅವರು ಹಿಂದೆ ತಿರುಗಿ ಕೇಳುತ್ತಾರೆ, ಯಾವ ಚರ್ಚು ಅಂತ.

ಈಚೆಗೆ ನಾಲ್ಕು ಜನ ನನ್ನನ್ನು ಅದನ್ನೇ ಕೇಳಿದರು. ಒಬ್ಬರು ಶಿವಮೊಗ್ಗದಿಂದ ಬ್ಯಾಂಕಿನ ವರ್ಗಾವಣೆಯಲ್ಲಿ ಬಂದವರು, ಕನ್ನಡ ಕಥೋಲಿಕರು, ಕೊಂಕಣಿಯೂ ಬರದು, ಮಲಯಾಳವೂ ಬರದು. ಇನ್ನೊಬ್ಬಳು ನನ್ನ ಹೆಂಡತಿಯ ದೊಡ್ಡಮ್ಮನ ಮಗಳು. ರಾಜಪುರದ ಕಡೆಯ ಗುಡ್ಡದ ಊರಿನ ಮಲಯಾಳಿ ಹುಡುಗನ ಜೊತೆ ಅವಳ ಮದುವೆ ಗೊತ್ತಾಗಿದೆ. ಮೂರನೆಯವರು ನಮ್ಮ ಬೀದಿಯ ಒಬ್ಬ ಅಕ್ಕ. ಗಂಡನಿಗೆ ಡಯಾಲಿಸಿಸ್ ಶುರುವಾದ ಮೇಲೆ ಪ್ರಾರ್ಥನಾ ಕೂಟದವರು ಅವರ ಮನೆಗೆ ಬರುತ್ತಿದ್ದಾರೆ. ನಾಲ್ಕನೆಯವನು ಪೆರಿಯದ ಕೇಂದ್ರ ವಿಶ್ವವಿದ್ಯಾಲಯದಲ್ಲಿ ಓದುವ ಹುಡುಗ.

ನನ್ನನ್ನೇ ಯಾಕೆ ಕೇಳುತ್ತಾರೆ ಅಂದರೆ ನಮ್ಮ ಮನೆಯಲ್ಲೇ ಎರಡು ಇಗರ್ಜಿ ಉಂಟು. ನಾನು ಮಂಗಳೂರಿನ ಸಿಎಸ್‌ಐ (ದಕ್ಷಿಣ ಭಾರತ ಸಭೆ, ಪ್ರಾಟೆಸ್ಟೆಂಟರದು) ಮನೆಯವನು, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಶುರುಮಾಡಿದ ಹಂಚಿನ ಕಾರ್ಖಾನೆಯಲ್ಲಿ ಅಜ್ಜ ದುಡಿದವರು. ಹೆಂಡತಿ ಬೇಳದ ಕಡೆಯ ಕೊಂಕಣಿ ಕಥೋಲಿಕಳು. ಭಾನುವಾರ ಬೆಳಿಗ್ಗೆ ಮನೆಯಿಂದ ಎರಡು ಸ್ಕೂಟರ್ ಎರಡು ಕಡೆ ಹೋಗುತ್ತವೆ. ನನ್ನ ಪಕ್ಷಪಾತ ಎಲ್ಲಿದೆ ಎಂದು ಇದರಿಂದಲೇ ತಿಳಿಯಿತಲ್ಲ, ಓದುವಾಗ ಅಷ್ಟನ್ನು ಕಳೆದುಕೊಂಡು ಓದಿ.

ಯಾರ ದೇವಶಾಸ್ತ್ರ ಸರಿ ಎಂಬ ಜಗಳಕ್ಕೆ ನಾನು ಹೋಗುವುದಿಲ್ಲ. ಅದಕ್ಕೆ ಬೇರೆ ಜನ ಇದ್ದಾರೆ, ಅವರಿಗೆ ಸಮಯವೂ ಇದೆ.

ಏನೇನು ನೋಡಬೇಕು

ಮೊದಲು ಭಾಷೆ. ಪ್ರಸಂಗ, ಅಂದರೆ ಗುರುಗಳ ಉಪದೇಶ, ಅರ್ಥವಾಗುತ್ತದೆಯೇ ಎಂದು ಮಾತ್ರ ನೋಡಬೇಡಿ. ಪ್ರಸಂಗ ಆರು ತಿಂಗಳಲ್ಲಿ ಅರ್ಥವಾಗಲು ಶುರುವಾಗುತ್ತದೆ. ಹಾಡು ಪುಸ್ತಕ ನೋಡದೆ ಬಾಯಿಗೆ ಬರಲು ಇನ್ನಷ್ಟು ಕಾಲ ಬೇಕು, ಪಾಪನಿವೇದನೆಗೆ ಅದಕ್ಕಿಂತಲೂ ಜಾಸ್ತಿ. ಮಾಡಿದ ತಪ್ಪು ಹೇಳಿಕೊಳ್ಳಲು ಹೋಗಿ ವ್ಯಾಕರಣ ಹುಡುಕುತ್ತ ಕೂತರೆ ಎಂತ ಪ್ರಯೋಜನ ಹೇಳಿ. ಮಕ್ಕಳ ಭಾಷೆ ಬೇರೆಯೇ ಲೆಕ್ಕ. ಕನ್ನಡ ಮೀಡಿಯಂನಲ್ಲಿ ಓದುವ ಮಗುವಿಗೂ ಆಟದ ಬಯಲಿನಲ್ಲಿ ಮಲಯಾಳವೇ. ನಿಮಗೆ ಹತ್ತಿರವಾದ ಭಾಷೆ ಅವರಿಗೆ ಹತ್ತು ವರ್ಷದಲ್ಲಿ ದೂರವಾಗಿರುತ್ತದೆ.

ಆಮೇಲೆ ಪ್ರಸಂಗ. ಓದುವ ಬೈಬಲ್ ವಾಕ್ಯವನ್ನು ಯಾರು ಆರಿಸುತ್ತಾರೆ, ಎಷ್ಟು ಹೊತ್ತು ಮಾತಾಡುತ್ತಾರೆ, ಬೇರೆಯವರ ಬಗ್ಗೆ ಎಂತ ಹೇಳುತ್ತಾರೆ, ಈ ಮೂರನ್ನು ಗಮನಿಸಿ. ಮೂರನೆಯದು ಈ ಊರಲ್ಲಿ ಸಣ್ಣ ವಿಷಯವಲ್ಲ. ದೇವಸ್ಥಾನ, ಮಸೀದಿ, ಇಗರ್ಜಿ ಎಲ್ಲವೂ ಒಂದೇ ಬಸ್ಸಿನ ದಾರಿಯಲ್ಲಿ ಇರುವ ಊರು. ಮೈಕಿನಲ್ಲಿ ಪಕ್ಕದವರ ದೇವರನ್ನು ಹಳಿಯುವವರ ಕೆಳಗೆ ಕೂತು ಸೋಮವಾರ ಅದೇ ಪಕ್ಕದವರ ಅಂಗಡಿಗೆ ಅಕ್ಕಿಗೆ ಹೋಗುವುದು ನನ್ನಿಂದ ಆಗದು.

ಸಮಯ ಮತ್ತು ಹಣ ಮೂರನೆಯದು. ಹಣದ ಮಾತು ಎತ್ತಲು ನಾಚಿಕೆಪಡಬೇಡಿ. ಎಲ್ಲ ಸಭೆಗಳಿಗೂ ಕರೆಂಟ್ ಬಿಲ್ ಇದೆ, ಯಾರಾದರೂ ಕಟ್ಟಲೇಬೇಕು. ಎಷ್ಟು ಕೇಳುತ್ತಾರೆ ಎನ್ನುವುದಕ್ಕಿಂತ ಲೆಕ್ಕ ಓದಿ ಹೇಳುತ್ತಾರಾ ಎನ್ನುವುದನ್ನು ವಿಚಾರಿಸಿ.

ನಾಲ್ಕನೆಯದು ಮದುವೆ ಮತ್ತು ಮಣ್ಣು, ಅಂದರೆ ಹೂಳುವ ಜಾಗ. ಇಪ್ಪತ್ತೈದು ವರ್ಷದವರು ಇದನ್ನು ಕೇಳುವುದೇ ಇಲ್ಲ, ಅರವತ್ತು ದಾಟಿದವರು ಇದನ್ನು ಬಿಟ್ಟು ಬೇರೆ ಕೇಳುವುದಿಲ್ಲ. ಇಬ್ಬರೂ ಕೇಳಬೇಕು.

ಕೊನೆಯದಕ್ಕೆ ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಜಾಸ್ತಿ ತೂಕ. ಗುರುವಾರ ರಾತ್ರಿ ನಿಮ್ಮನ್ನು ಆಸ್ಪತ್ರೆಗೆ ಸೇರಿಸಿದರೆ ಶುಕ್ರವಾರ ಬೆಳಿಗ್ಗೆ ಗಂಜಿ ಹಿಡಿದುಕೊಂಡು ಯಾರು ಬರುತ್ತಾರೆ? ಜನ ಒಂದು ಇಗರ್ಜಿಗೆ ಬರುವುದು ಪ್ರಸಂಗ ಕೇಳಿ, ಆದರೆ ಬಿಟ್ಟು ಹೋಗುವುದು ಹೆಚ್ಚಾಗಿ ಈ ಗಂಜಿಯ ವಿಷಯಕ್ಕೆ.

ಕೊಂಕಣಿ ಇಗರ್ಜಿಗಳು

ಚಂದ್ರಗಿರಿ ಹೊಳೆಯಿಂದ ಉತ್ತರಕ್ಕೆ, ಕಾಸರಗೋಡು ಪೇಟೆ, ಕುಂಬಳೆ, ಬೇಳ, ಕಯ್ಯಾರು, ವರ್ಕಾಡಿ, ಮಂಜೇಶ್ವರದ ಕಡೆ ನೀವು ನೋಡುವ ಹಳೆಯ ಇಗರ್ಜಿಗಳು ಹೆಚ್ಚಾಗಿ ಇವೇ. ರಾಜ್ಯ ಕೇರಳವಾದರೂ ಇವು ಮಂಗಳೂರು ಬಿಷಪರ ಕೆಳಗಿವೆ. 1956ರ ನವೆಂಬರ್ 1ಕ್ಕೆ ನಕ್ಷೆ ಬದಲಾಯಿತು, ಇಗರ್ಜಿಯ ಗಡಿ ಬದಲಾಗಲಿಲ್ಲ. ಬೇಳದ ಶೋಕಮಾತೆಯ ಇಗರ್ಜಿ 1890ರದ್ದು. ಕುಂಬಳೆ ಬದಿಯಡ್ಕ ರಸ್ತೆಯ ಕಡೆ ಹೋದರೆ ಒಮ್ಮೆ ನೋಡಿ ಬನ್ನಿ, ಚೂಪು ಕಮಾನುಗಳ ಗಾಥಿಕ್ ಕಟ್ಟಡ. ನನ್ನ ಮದುವೆ ಆದದ್ದು ಆ ಕಡೆಯೇ, ಹಾಗಾಗಿ ಅಂದದ ವಿಷಯದಲ್ಲಿ ನನ್ನ ಮಾತು ನಂಬಬೇಡಿ.

ಪೂಜೆ, ಅಂದರೆ ಅವರ ಬಾಯಲ್ಲಿ ಮೀಸ್, ಹೆಚ್ಚಾಗಿ ಕೊಂಕಣಿಯಲ್ಲಿ. ಕೆಲವು ಕಡೆ ಮಲಯಾಳದಲ್ಲೋ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬೇರೆ ಹೊತ್ತಿಗೆ ಒಂದು ಪೂಜೆ ಇರುತ್ತದೆ, ನೋಟಿಸ್ ಬೋರ್ಡ್ ನೋಡಬೇಕು. ಕನ್ನಡದವರಿಗೆ ಇಲ್ಲೊಂದು ಅನುಕೂಲ ಉಂಟು. ಈ ಕಡೆಯ ಕೊಂಕಣಿ ಪುಸ್ತಕಗಳೆಲ್ಲ ಕನ್ನಡ ಲಿಪಿಯಲ್ಲೇ ಇವೆ. ಅರ್ಥ ಪೂರಾ ಆಗದಿದ್ದರೂ ಮೊದಲ ಭಾನುವಾರವೇ ಎಲ್ಲರ ಜೊತೆ ಬಾಯಿಬಿಟ್ಟು ಓದಬಹುದು. ನಾನು ಹಾಗೆ ಓದಿ ಓದಿಯೇ ಕೊಂಕಣಿ ಕಲಿತದ್ದು. ಅತ್ತೆಯ ಜೊತೆ ನನ್ನ ಕೊಂಕಣಿ ಇವತ್ತಿಗೂ ಸ್ವಲ್ಪ ಪ್ರಾರ್ಥನೆ ಪುಸ್ತಕದ ಹಾಗೆ ಇರುತ್ತದಂತೆ. ಇಲ್ಲಿಗೆ ಬರುವ ಪಾದ್ರಿಗಳಿಗೆ ಸಾಮಾನ್ಯವಾಗಿ ಕನ್ನಡ, ತುಳು ಎರಡೂ ಬರುತ್ತವೆ. ಪಾಪನಿವೇದನೆ ಕನ್ನಡದಲ್ಲೇ ಮಾಡಬಹುದು, ಕೇಳಲು ಸಂಕೋಚ ಬೇಡ.

ಪ್ರಸಂಗಕ್ಕೆ ಶೆರ್ಮಾಂವ್ ಅನ್ನುತ್ತಾರೆ. ಹತ್ತು ಹದಿನೈದು ನಿಮಿಷ. ಓದುವ ವಾಕ್ಯ ಪಾದ್ರಿಗಳ ಆಯ್ಕೆಯಲ್ಲ. ಭಾನುವಾರದ ವಾಚನಗಳು ಮೂರು ವರ್ಷದ ಚಕ್ರದಲ್ಲಿ ಲೋಕದ ಎಲ್ಲ ಲ್ಯಾಟಿನ್ ವಿಧಿಯ (ಕೊಂಕಣಿಯವರದೂ ಅದೇ ಆರಾಧನಾ ಕ್ರಮ) ಇಗರ್ಜಿಗಳಿಗೂ ಒಂದೇ. ಇದರಿಂದ ಒಂದು ಒಳ್ಳೆಯದು, ಗುರುಗಳಿಗೆ ಇಷ್ಟವಾದ ವಿಷಯವನ್ನೇ ವರ್ಷವಿಡೀ ಕೇಳುವ ಕಷ್ಟ ಇಲ್ಲ. ಒಂದು ಕೆಟ್ಟದ್ದು, ಬೈಬಲನ್ನು ಅಧ್ಯಾಯ ಹಿಡಿದು ಕಲಿಯಬೇಕು ಅನ್ನುವವರಿಗೆ ಹೊಟ್ಟೆ ತುಂಬುವುದಿಲ್ಲ. ಹದಿನೈದು ನಿಮಿಷದಲ್ಲಿ ಐದು ನಿಮಿಷ ಹಬ್ಬದ ಚೀಟಿಯ ವಿಷಯಕ್ಕೆ ಹೋದ ಭಾನುವಾರಗಳನ್ನೂ ನಾನು ಕಂಡಿದ್ದೇನೆ.

ಇವರ ಬಲ ಇರುವುದು ವಾಡೊಗಳಲ್ಲಿ. ಇಡೀ ಧರ್ಮಕೇಂದ್ರವನ್ನು ವಾಡೊಗಳಾಗಿ ಹಂಚಿರುತ್ತಾರೆ, ಪ್ರತಿ ವಾಡೊಗೂ ಮುಖ್ಯಸ್ಥರಾಗಿ ಒಬ್ಬ ಗುರ್ಕಾರ. ಮದುವೆಯ ಹಿಂದಿನ ದಿನ ವಧೂವರರಿಗೆ ಹಚ್ಚುವ ಶಾಸ್ತ್ರ ರೋಸ್‌ಗೆ ತೆಂಗಿನ ಹಾಲು ತೆಗೆಯುವುದರಿಂದ ಹಿಡಿದು ಹೆಣ ಹೊರುವವರೆಗೆ ವಾಡೊ ಇರುತ್ತದೆ. ಸೆಪ್ಟೆಂಬರ್ 8ರ ಮಾತೆಯ ಹುಟ್ಟುಹಬ್ಬ ಮೊಂತಿ ಫೆಸ್ತ್‌ಗೆ ಒಂಬತ್ತು ದಿನ ಮಕ್ಕಳು ಹೂ ತಂದು ಮಾತೆಗೆ ಹಾಕುತ್ತಾರೆ, ಹೊಸ ತೆನೆಯ ಆಶೀರ್ವಾದ ಆಗುತ್ತದೆ, ಆ ದಿನ ಮೀನಿಲ್ಲ ಮಾಂಸವಿಲ್ಲ, ಮನೆಯವರೆಲ್ಲ ಕೂತು ತರಕಾರಿ ಊಟ. ಮಕ್ಕಳಿಗೆ ಹಬ್ಬದ ನೆನಪು ಬೇಕು ಅನ್ನುವವರು ಇದನ್ನು ನೋಡಿಯೇ ತೀರ್ಮಾನ ಮಾಡಬಹುದು.

ಹೊರಗಿನವರಿಗೆ ಕಷ್ಟವಾಗುವುದೂ ಇದೇ. ಎಲ್ಲರೂ ಎಲ್ಲರಿಗೂ ನೆಂಟರು. ನೀವು ಯಾರ ಮಗ, ಯಾವ ಮನೆ ಎಂಬ ಪ್ರಶ್ನೆ ಬಾಗಿಲಲ್ಲೇ ಬರುತ್ತದೆ. ಉತ್ತರ ಇಲ್ಲದಿದ್ದರೆ ಒಂದು ವರ್ಷ ಹಿಂದಿನ ಬೆಂಚಿನಲ್ಲಿ ಕೂರಬೇಕಾದೀತು.

ಹಣ: ಕುಟುಂಬಕ್ಕೆ ಇಷ್ಟು ಎಂದು ತಿಂಗಳ ವಂತಿಗೆ, ಹಬ್ಬದ ವಂತಿಗೆ, ಕಟ್ಟಡ ಎದ್ದರೆ ಅದಕ್ಕೆ ಬೇರೆ. ಸಂಬಳ ಎಷ್ಟು ಎಂದು ಯಾರೂ ಕೇಳುವುದಿಲ್ಲ. ಕಟ್ಟಡ ಏಳುತ್ತಿರುವ ವರ್ಷ ಸೇರಿದರೆ ಮಾತ್ರ ಜೇಬು ಗಟ್ಟಿ ಇರಲಿ.

ಸಿರೋ ಮಲಬಾರ್, ಮತ್ತೆ ಉಳಿದ ಸುರಿಯಾನಿಗಳು

ಇದೂ ಕಥೋಲಿಕವೇ, ರೋಮಿನ ಪೋಪರ ಕೆಳಗೇ. ಆದರೆ ವಿಧಿ ಬೇರೆ, ಬಿಷಪರು ಬೇರೆ (ಈ ಜಿಲ್ಲೆಗೆ ತಲಶ್ಶೇರಿ), ಜನರ ಚರಿತ್ರೆಯೂ ಬೇರೆ. ತಿರುವಾಂಕೂರಿನ ಕಡೆಯಿಂದ ಕಾಡು ಕಡಿದು ಕೃಷಿ ಮಾಡಲು ಬಂದವರ ಮಕ್ಕಳು ಮೊಮ್ಮಕ್ಕಳು ಇವರು. ಹಾಗಾಗಿ ಇವರ ದೊಡ್ಡ ಇಗರ್ಜಿಗಳು ಪೇಟೆಗಿಂತ ಜಾಸ್ತಿ ಗುಡ್ಡದ ಕಡೆ, ವೆಳ್ಳರಿಕುಂಡು, ಚಿತ್ತಾರಿಕ್ಕಾಲ್, ಪಾಣತ್ತೂರು, ಬಂದಡ್ಕದ ಹತ್ತಿರ. ರಬ್ಬರ್ ತೋಟದ ನಡುವೆ ಇದ್ದಕ್ಕಿದ್ದಂತೆ ದೊಡ್ಡ ಗೋಪುರ ಕಂಡರೆ ಇವರದೇ ಇರಬೇಕು.

ಪೂಜೆಗೆ ಇವರು ಕುರ್ಬಾನ ಅನ್ನುತ್ತಾರೆ, ಅದು ಮಲಯಾಳದಲ್ಲಿ, ಬಹುಪಾಲು ಹಾಡಿನಲ್ಲಿ. ಮಲಯಾಳ ಬರದವರಿಗೂ ಕೇಳಲು ಹಿತ. ಆದರೆ ಓದಲು ಲಿಪಿ ಬರದು, ಅದೇ ತೊಂದರೆ. ಮಕ್ಕಳ ವೇದಪಾಠ ಮಾತ್ರ ಇವರ ಹಾಗೆ ನಡೆಸುವವರು ಈ ಕಡೆ ಬೇರೆ ಇಲ್ಲ ಅನ್ನುತ್ತೇನೆ. ಶಾಲೆಯ ಹಾಗೆ ಕ್ಲಾಸು, ಪರೀಕ್ಷೆ, ಹಾಜರಿ, ಹನ್ನೆರಡನೆಯ ತರಗತಿಯವರೆಗೆ. ಕ್ರಿಸ್‌ಮಸ್ ರಜೆಯಲ್ಲಿ ಊರಿಗೆ ಹೋದರೂ ರಜೆಚೀಟಿ ಬೇಕು. ಮನೆಮನೆಯಲ್ಲಿ ಕೂಟಾಯ್ಮ, ಅಂದರೆ ನೆರೆಯವರ ಪ್ರಾರ್ಥನಾ ಕೂಟ, ಸೇರುತ್ತದೆ, ಚಹಾ ಕಡ್ಡಾಯ.

2021ರ ನವೆಂಬರಿನಿಂದ ಎಲ್ಲ ಕಡೆ ಒಂದೇ ಕ್ರಮ ಮಾಡಿದರು. ಪೂಜೆಯ ಮೊದಲ ಭಾಗಕ್ಕೆ ಗುರುಗಳು ಜನರ ಕಡೆ ತಿರುಗುವುದು, ನಡುವಿನ ಭಾಗಕ್ಕೆ ಬಲಿಪೀಠದ ಕಡೆ. ಎರ್ನಾಕುಳಂ ಕಡೆ ಇದಕ್ಕೆ ದೊಡ್ಡ ಗಲಾಟೆ ಆಯಿತು. ಹೊಸಬರು ಗಾಬರಿಯಾಗದಿರಲಿ ಎಂದು ಹೇಳಿದೆ, ಅಷ್ಟೇ.

ನಿಮ್ಮದು ಮಿಶ್ರ ಮನೆಯಾದರೆ ತಪಸ್ಸುಕಾಲದ ತಮಾಷೆಯೂ ಇದೆ. ಲ್ಯಾಟಿನ್‌ನವರ ಬೂದಿ ಬುಧವಾರ, ಇವರ ನೋಂಬು ಅದಕ್ಕಿಂತ ಎರಡು ದಿನ ಮೊದಲು ಸೋಮವಾರವೇ ಶುರು, ಐವತ್ತು ದಿನ. ಮೀನಿನ ಸಾರು ಯಾರ ಲೆಕ್ಕದಲ್ಲಿ ನಿಲ್ಲಿಸುವುದು ಎಂದು ಮೊದಲೇ ಮಾತಾಡಿಕೊಳ್ಳಿ.

ಒಂದು ಗಂಭೀರ ವಿಷಯ. ರಾಜಪುರಕ್ಕೆ 1943ರಲ್ಲಿ ಬಂದು ನೆಲೆಸಿದವರು ಕ್ನಾನಾಯ ಕಥೋಲಿಕರು. ಅವರು ಕೋಟ್ಟಯಂ ಬಿಷಪರ ಕೆಳಗೆ, ತಮ್ಮೊಳಗೇ ಮದುವೆಯಾಗುವ ಪದ್ಧತಿಯವರು. ಹೊರಗೆ ಮದುವೆಯಾದರೆ ಸದಸ್ಯತ್ವದ ಪ್ರಶ್ನೆ ಬರುತ್ತದೆ, ಅದರ ಮೇಲೆ ಕೋರ್ಟಿನ ತನಕ ಹೋದವರೂ ಇದ್ದಾರೆ. ಗುಡ್ಡದ ಕಡೆಯ ಹುಡುಗ ಅಂದಕೂಡಲೇ ಎಲ್ಲರೂ ಒಂದೇ ಅಂದುಕೊಳ್ಳಬೇಡಿ, ಮೊದಲು ಇದನ್ನು ಕೇಳಿ.

ಯಾಕೋಬಾಯ, ಆರ್ಥೊಡಾಕ್ಸ್, ಮಾರ್ತೋಮಾ ಸಭೆಗಳೂ ಮಲಯಾಳಿಗಳ ಜೊತೆ ಬಂದಿವೆ. ಮೊದಲ ಎರಡರಲ್ಲಿ ವಿಧಿ ಇನ್ನೂ ಉದ್ದ, ಧೂಪ ಇನ್ನೂ ದಟ್ಟ. ಮಾರ್ತೋಮಾದಲ್ಲಿ ವಿಧಿ ಸುರಿಯಾನಿ, ಪ್ರಸಂಗ ಪ್ರಾಟೆಸ್ಟೆಂಟರ ಹಾಗೆ. ಮನೆಯಲ್ಲಿ ಮಲಯಾಳ ಇಲ್ಲದ ಕನ್ನಡಿಗರಿಗೆ ಮೂರೂ ದೂರವೇ, ಸುಮ್ನೆ ಪಟ್ಟಿಗೆ ಸೇರಿಸುವುದಿಲ್ಲ.

ಸಿಎಸ್‌ಐ

ಇನ್ನು ನನ್ನದು. ದಕ್ಷಿಣ ಭಾರತ ಸಭೆ ಒಂದಾದದ್ದು 1947ರ ಸೆಪ್ಟೆಂಬರ್ 27ಕ್ಕೆ. ಈ ಕರಾವಳಿಯಲ್ಲಿ ಅದರ ಬೇರು ಬಾಸೆಲ್ ಮಿಷನ್ನಿಗೆ, ಅಂದರೆ 1834ಕ್ಕೆ ಹೋಗುತ್ತದೆ. ಆ ಮಿಷನ್ ಕನ್ನಡಕ್ಕೂ ದುಡಿಯಿತು, ಮಲಯಾಳಕ್ಕೂ ದುಡಿಯಿತು. ಕನ್ನಡಕ್ಕೆ ನಿಘಂಟು ಮಾಡಿದ ಕಿಟೆಲ್, ಮಲಯಾಳಕ್ಕೆ ಮಾಡಿದ ಗುಂಡರ್ಟ್ ಇಬ್ಬರೂ ಅದರವರೇ. ಹಾಗಾಗಿ ಮಂಗಳೂರು ಕಡೆ ಹೋದಷ್ಟೂ ನಮ್ಮ ಸಭೆಗಳು ಕನ್ನಡ, ದಕ್ಷಿಣಕ್ಕೆ ಇಳಿದಷ್ಟೂ ಮಲಯಾಳ. ನಡುವೆ ಸಿಕ್ಕಿಕೊಂಡವರು ಕಾಸರಗೋಡಿನವರು.

ಒಳ್ಳೆಯ ಕನ್ನಡ ಬೇಕು ಅನ್ನುವವರಿಗೆ ಈ ಸಭೆ. ಹಳೆಯ ಕೀರ್ತನೆಗಳು ಜರ್ಮನ್ ರಾಗದಲ್ಲಿ, ಮಾತು ಅಚ್ಚ ಕನ್ನಡದಲ್ಲಿ. ನಾಲ್ಕು ಸ್ವರದಲ್ಲಿ ಹಾಡುವ ಗುಂಪು ಸಿಕ್ಕಿದರೆ ಪ್ರಸಂಗ ಹೇಗಿದ್ದರೂ ನಡೆಯುತ್ತದೆ ಅನ್ನುವವನು ನಾನು. ಪ್ರಸಂಗ ಇಪ್ಪತ್ತರಿಂದ ಮೂವತ್ತು ನಿಮಿಷ. ಭಾನುವಾರಕ್ಕೊಂದು ವಿಷಯ ಗೊತ್ತುಮಾಡಿರುತ್ತಾರೆ, ಸಭಾಪಾಲಕರು ಅದನ್ನು ವಿವರಿಸುತ್ತಾರೆ. ಒಂದೂವರೆ ಗಂಟೆಯಲ್ಲಿ ಆರಾಧನೆ ಮುಗಿಯುತ್ತದೆ, ಕರ್ತನ ಭೋಜನ (ರೊಟ್ಟಿ ದ್ರಾಕ್ಷಾರಸದ ಪ್ರಸಾದ) ಇದ್ದ ದಿನ ಸ್ವಲ್ಪ ಜಾಸ್ತಿ. ಕಮಿಟಿಯನ್ನು ಸಭೆಯವರೇ ಓಟು ಹಾಕಿ ಆರಿಸುತ್ತಾರೆ, ಲೆಕ್ಕ ಓದುತ್ತಾರೆ, ಓದುವಾಗ ಜಗಳವೂ ಆಗುತ್ತದೆ. ಜಗಳ ಆಗುವುದು ಲೆಕ್ಕ ಇದೆ ಎನ್ನುವುದಕ್ಕೆ ಗುರುತು ಎಂದು ನನ್ನಪ್ಪ ಹೇಳುತ್ತಿದ್ದರು. ಹೆಂಗಸರೂ ಇಲ್ಲಿ ಸಭಾಪಾಲಕರಾಗಬಹುದು. 2013ರಲ್ಲಿ ಆಂಧ್ರದ ನಂದ್ಯಾಲದಲ್ಲಿ ಒಬ್ಬ ಹೆಂಗಸು ಬಿಷಪರೇ ಆದರು. ಮಗಳಿರುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬಹುದು.

ಬೆಳೆಹಬ್ಬದ ಏಲಂ ಮಾತ್ರ ನೋಡಲೇಬೇಕು. ಬಾಳೆಗೊನೆ, ಅಡಿಕೆ, ಊರ ಕೋಳಿ, ಮನೆಯಲ್ಲಿ ಮಾಡಿದ ಕೇಕ್, ಎಲ್ಲವನ್ನೂ ಕೂಗಿ ಮಾರುತ್ತಾರೆ. ಒಂದು ತೆಂಗಿನಕಾಯಿ ಐನೂರಕ್ಕೆ ಹೋಗಿದೆ, ತೆಗೆದುಕೊಂಡವನು ನಾನೇ.

ಈಗ ಕೊರತೆ. ಜನ ಕಡಿಮೆ. ಹುಡುಗರು ಬೆಂಗಳೂರಿಗೋ ಕೊಲ್ಲಿಗೋ ಹೋಗಿದ್ದಾರೆ, ಕೆಲವು ಭಾನುವಾರ ಹಾಡುಗಾರರಿಗಿಂತ ಬೆಂಚುಗಳೇ ಜಾಸ್ತಿ. ಪೂರ್ತಿ ಕನ್ನಡ ಆರಾಧನೆ, ದೊಡ್ಡ ಗಾಯನ ಮೇಳ ಎಲ್ಲ ಬೇಕೆಂದು ನಾನು ಎಷ್ಟೋ ಭಾನುವಾರ ರೈಲು ಹತ್ತಿ ಮಂಗಳೂರಿನ ಬಲ್ಮಠದ ಶಾಂತಿ ಕೆಥೆಡ್ರಲಿಗೆ ಹೋದವನು. ಸುಮಾರು 50 ಕಿಲೋಮೀಟರ್, ಒಂದು ಗಂಟೆ ದಾರಿ. ಹಾಗೆ ದೂರದಲ್ಲಿ ಸದಸ್ಯತ್ವ ಇಟ್ಟುಕೊಳ್ಳುವವರಿಗೆ ಒಂದು ಮಾತು: 2020ರ ಲಾಕ್‌ಡೌನಿನಲ್ಲಿ ಕರ್ನಾಟಕದವರು ತಲಪಾಡಿ ಗಡಿ ಮುಚ್ಚಿದಾಗ ಆಸ್ಪತ್ರೆಗೇ ಹೋಗಲಾಗದೆ ಜನ ಸತ್ತರು. ಆ ತಿಂಗಳುಗಳಲ್ಲಿ ನಮಗೆ ಸಭೆ ಎಂದರೆ ಯಾರು ಎಂದು ಮನೆಯಲ್ಲಿ ಕೂತು ಯೋಚಿಸಿದೆ. ಮರು ವರ್ಷ ಹೆಸರನ್ನು ಹತ್ತಿರಕ್ಕೆ ವರ್ಗ ಮಾಡಿಸಿದೆ.

ಪೆಂಟೆಕೋಸ್ಟ್ ಸಭೆಗಳು, ಬ್ರದರನ್, ಮನೆ ಕೂಟಗಳು

ಇವು ಎಷ್ಟಿವೆ ಎಂದು ಎಣಿಸಲು ಹೋಗಬೇಡಿ. ಮೊನ್ನೆ ಫ್ಲೆಕ್ಸ್ ಅಂಗಡಿ ಇದ್ದ ಮೇಲ್ಮಹಡಿಯಲ್ಲಿ ಇವತ್ತು ಡ್ರಮ್ ಸೆಟ್ ಕೇಳಿಸುತ್ತದೆ. ಕೇರಳದ ದೊಡ್ಡವುಗಳಲ್ಲಿ ಐಪಿಸಿ (ಇಂಡಿಯಾ ಪೆಂಟೆಕೋಸ್ಟಲ್ ಚರ್ಚ್ ಆಫ್ ಗಾಡ್) ಒಂದು, 1924ರಿಂದ ಇದೆ, ಕೇಂದ್ರ ಕುಂಬನಾಡಿನಲ್ಲಿ. ಅಸೆಂಬ್ಲಿ ಆಫ್ ಗಾಡ್ ಇನ್ನೊಂದು. ಇವುಗಳಿಗೆ ಮೇಲೆ ಸಂಘಟನೆ ಉಂಟು, ಪಾಸ್ಟರಿಗೆ ವರ್ಗಾವಣೆ ಉಂಟು, ದೂರು ಕೊಡಲು ಜಾಗ ಉಂಟು. ಒಬ್ಬ ಪಾಸ್ಟರ್, ಅವರ ಹೆಂಡತಿ, ಅವರ ಹೆಸರಲ್ಲೇ ಟ್ರಸ್ಟ್ ಎಂಬ ಸ್ವತಂತ್ರ ಸಭೆಗಳಲ್ಲಿ ಇದ್ಯಾವುದೂ ಇಲ್ಲದಿರಬಹುದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ.

ಮೂರು ಗಂಟೆ ಇಟ್ಟುಕೊಂಡು ಹೋಗಿ. ಹಾಡು, ಸಾಕ್ಷಿ, ಪ್ರಾರ್ಥನೆ, ಅನ್ಯಭಾಷೆ (ಆತ್ಮ ತುಂಬಿ ಆಡುವುದೆಂದು ಅವರು ನಂಬುವ, ಗೊತ್ತಿಲ್ಲದ ಮಾತು), ಆಮೇಲೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಪ್ರಸಂಗ. ಮಲಯಾಳಿ ಪಾಸ್ಟರ್ ಒಂದು ವಾಕ್ಯ ಹೇಳುತ್ತಾರೆ, ಪಕ್ಕದಲ್ಲಿ ನಿಂತ ಹುಡುಗ ಅದನ್ನು ಕನ್ನಡಕ್ಕೆ ತಿರುಗಿಸುತ್ತಾನೆ, ಅಷ್ಟೇ ಜೋರಾಗಿ, ಅದೇ ಕೈ ಬೀಸಿಕೊಂಡು. ತುಳು ಹಾಡೂ ಇರುತ್ತದೆ. ಭಾಷೆಯ ವಿಷಯದಲ್ಲಿ ಇವರಷ್ಟು ಬಗ್ಗುವವರು ಬೇರೆ ಇಲ್ಲ. ಜನಕ್ಕೆ ಏನು ಅರ್ಥವಾಗುತ್ತದೋ ಅದರಲ್ಲಿ ಹೇಳುತ್ತಾರೆ, ಅಷ್ಟೇ. ನಮ್ಮ ಹಳೆಯ ಸಭೆಗಳು ಇದನ್ನು ಕಲಿಯಲಿಲ್ಲ.

ಪ್ರಸಂಗದ ವಾಕ್ಯ ಪಾಸ್ಟರ ಆಯ್ಕೆ. ಒಳ್ಳೆಯವರ ಕೈಯಲ್ಲಿ ಬೈಬಲಿನ ಒಂದು ಪತ್ರಿಕೆಯನ್ನು ಆರು ತಿಂಗಳು ಬಿಡಿಸಿ ಹೇಳುವುದನ್ನು ಕೇಳಿದ್ದೇನೆ, ನಮ್ಮಲ್ಲಿ ಅಷ್ಟು ಆಳ ಸಿಗುವುದಿಲ್ಲ. ಬೇರೆಯವರ ಕೈಯಲ್ಲಿ ಪ್ರತಿ ವಾರ ಬೇರೆ ವಾಕ್ಯ, ಬಂದು ನಿಲ್ಲುವುದು ಮಾತ್ರ ಆಶೀರ್ವಾದ ಮತ್ತು ಕಾಣಿಕೆಯ ಹತ್ತಿರ.

ಹಣ ಇಲ್ಲಿ ದಶಮಾಂಶ, ಬಂದದ್ದರಲ್ಲಿ ಹತ್ತನೆಯ ಒಂದು ಪಾಲು. ತಿಂಗಳಿಗೆ 25,000 ಬರುವವರಿಗೆ 2,500, ವರ್ಷಕ್ಕೆ 30,000. ಕೊಡುವವರು ಸಂತೋಷದಿಂದಲೇ ಕೊಡುತ್ತಾರೆ. ನಾನು ಕೇಳುವುದು ಇಷ್ಟೇ: ಸಾಲ ಇರುವವರಿಗೆ ಕೊಡಬೇಡಿ ಅನ್ನುವ ಪಾಸ್ಟರಾ, ಕೊಟ್ಟರೆ ಸಾಲ ತೀರುತ್ತದೆ ಅನ್ನುವ ಪಾಸ್ಟರಾ? ಬಂಗಾರದ ವಿಷಯವೂ ಉಂಟು. ಕೇರಳದ ಪೆಂಟೆಕೋಸ್ಟರಲ್ಲಿ ಒಡವೆ ಹಾಕದಿರುವುದು ಹಳೆಯ ರೂಢಿ, ಹಲವರು ತಾಳಿ ಉಂಗುರವನ್ನೂ ಬಿಡುತ್ತಾರೆ. ಅತ್ತೆ ಮನೆಯಲ್ಲಿ ಇದಕ್ಕೆ ಏನಾಗುತ್ತದೆ ಎಂದು ಹೆಂಗಸರೇ ಯೋಚಿಸಿಕೊಳ್ಳಬೇಕು.

ಮುಳುಗು ದೀಕ್ಷಾಸ್ನಾನ ದೊಡ್ಡ ತಿರುವು. ಮಗುವಾಗಿದ್ದಾಗ ಆದದ್ದನ್ನು ಇವರು ಒಪ್ಪುವುದಿಲ್ಲ, ಮತ್ತೊಮ್ಮೆ ತೆಗೆದುಕೊಳ್ಳಬೇಕು. ತೆಗೆದುಕೊಂಡರೆ ಹಳೆಯ ಇಗರ್ಜಿಯಲ್ಲಿ ನಿಮ್ಮ ಜಾಗ ಹೋಗುತ್ತದೆ, ಅಪ್ಪ ಅಮ್ಮ ಮಲಗಿರುವ ಸ್ಮಶಾನದ ಜಾಗವೂ. ಹೊಸ ಸಭೆಗೆ ಸ್ಮಶಾನ ಉಂಟಾ ಎಂದು ಮುಖಕ್ಕೆ ಕೇಳಿ. ಸಣ್ಣ ಸಭೆಗಳ ನಿಜವಾದ ಕಷ್ಟ ಅದು.

ಮದುವೆಯದೂ ಅಷ್ಟೆ. 1872ರ ಭಾರತೀಯ ಕ್ರಿಶ್ಚಿಯನ್ ವಿವಾಹ ಕಾಯ್ದೆ ಹಳೆಯ ತಿರುವಾಂಕೂರು ಕೊಚ್ಚಿ ಸೀಮೆಗೆ ಲಾಗೂ ಅಲ್ಲ, ಆದರೆ ನಮ್ಮದು ಹಳೆಯ ಮದರಾಸಿನ ಸೀಮೆ, ನಮಗೆ ಲಾಗೂ. ಬಿಷಪರ ಕೈಯಿಂದ ಅಭಿಷೇಕವಾದ ಗುರುಗಳಿಗೆ ತೊಂದರೆ ಇಲ್ಲ. ಸ್ವತಂತ್ರ ಪಾಸ್ಟರಿಗೆ ಮದುವೆ ಮಾಡಿಸಲು ಸರ್ಕಾರದ ಲೈಸೆನ್ಸ್ ಬೇಕು. ಇದೆಯಾ ಕೇಳಿ, ತೋರಿಸಲು ಹೇಳಿ. ಯಾರು ಮದುವೆ ಮಾಡಿಸಿದರೂ ಕೇರಳದ 2008ರ ನಿಯಮದ ಪ್ರಕಾರ ಪಂಚಾಯತಿನಲ್ಲೋ ನಗರಸಭೆಯಲ್ಲೋ 45 ದಿನದೊಳಗೆ ನೋಂದಾಯಿಸಬೇಕು. ಪಾಸ್‌ಪೋರ್ಟಿನ ಹೊತ್ತಿಗೆ ನೆನಪಾದರೆ ಅಲೆದಾಟ.

ಒಂದು ಗೆರೆ ಮಾತ್ರ ನಾನು ಗಟ್ಟಿಯಾಗಿ ಎಳೆಯುತ್ತೇನೆ. ಔಷಧಿ ಬಿಡಿ, ನಂಬಿಕೆ ಸಾಕು ಎಂದು ಯಾರು ಹೇಳಿದರೂ ಚಪ್ಪಲಿ ಹಾಕಿಕೊಂಡು ಹೊರಡಿ.

ಬ್ರದರನ್ ಸಭೆ ಬೇರೆ ಬಗೆಯದು. ಡ್ರಮ್ ಇಲ್ಲ, ಅನ್ಯಭಾಷೆ ಇಲ್ಲ, ಪಾಸ್ಟರ್ ಅಂತಲೂ ಇಲ್ಲ. ಪ್ರತಿ ಭಾನುವಾರ ರೊಟ್ಟಿ ಮುರಿಯುತ್ತಾರೆ, ಗಂಡಸರಲ್ಲಿ ಯಾರಾದರೂ ಎದ್ದು ವಾಕ್ಯ ಹೇಳಬಹುದು, ಹೆಂಗಸರು ತಲೆಗೆ ಸೆರಗು ಹೊದ್ದು ಸುಮ್ಮನಿರಬೇಕು. ಬೈಬಲ್ ಓದುವುದರಲ್ಲಿ ಇವರನ್ನು ಮೀರಿಸುವವರಿಲ್ಲ. ನನ್ನ ಮಗಳು ಒಂದು ಸಲ ಬಂದಳು, ಎರಡನೆಯ ಸಲ ಬರಲಿಲ್ಲ.

ಶನಿವಾರ ಆರಾಧನೆ ಮಾಡುವ ಅಡ್ವೆಂಟಿಸ್ಟರೂ ಇದ್ದಾರೆ. ಶನಿವಾರ ಕೆಲಸ ಇರುವವರು ಆಲೋಚಿಸಬೇಕಾಗಿಲ್ಲ.

ಯಾರಿಗೆ ಯಾವುದು

ಬ್ಯಾಂಕಿನವರಿಗೆ ನಾನು ಕೊಂಕಣಿ ಇಗರ್ಜಿಯನ್ನೇ ಹೇಳಿದೆ. ಲಿಪಿ ಬರುತ್ತದೆ, ಪಾದ್ರಿಗಳಿಗೆ ಕನ್ನಡ ಬರುತ್ತದೆ, ಮೂರು ವರ್ಷದಲ್ಲಿ ವರ್ಗವಾದರೆ ಕಾಗದಪತ್ರ ಯಾವ ಊರಿನ ಇಗರ್ಜಿಗೂ ಸಲೀಸಾಗಿ ಹೋಗುತ್ತದೆ. ಸಿಎಸ್‌ಐಯ ಕನ್ನಡ ಅವರಿಗೆ ಹಿತ ಅನಿಸಿತ್ತು, ಆದರೆ ಕಥೋಲಿಕರಾಗಿ ಅಲ್ಲಿ ಕರ್ತನ ಭೋಜನ ತೆಗೆದುಕೊಳ್ಳುವ ಹಾಗಿಲ್ಲ. ನಾನೂ ಹೆಂಡತಿಯ ಇಗರ್ಜಿಯಲ್ಲಿ ಪ್ರಸಾದದ ಸಾಲು ಎದ್ದಾಗ ಕೂತೇ ಇರುತ್ತೇನೆ. ಹದಿನಾಲ್ಕು ವರ್ಷವಾಯಿತು, ಅಭ್ಯಾಸ ಆಗಿದೆ ಅನ್ನಲಾರೆ.

ಮದುವೆಯಾಗುವ ಹುಡುಗಿಗೆ ಅವಳು ಹೆದರಿದಷ್ಟು ಕಷ್ಟ ಇಲ್ಲ. ಹುಡುಗ ಕ್ನಾನಾಯ ಅಲ್ಲವೆಂದು ವಿಚಾರಿಸಿ ಆಗಿದೆ. ಎರಡೂ ಕಥೋಲಿಕವಾದ್ದರಿಂದ ಎರಡು ಕಡೆಯೂ ಪ್ರಸಾದ ನಡೆಯುತ್ತದೆ. ಮದುವೆಯ ಹೊತ್ತಿಗೆ ಅವಳು ಗಂಡನ ವಿಧಿಗೆ ಸೇರಬಹುದು, ಸೇರಲೇಬೇಕೆಂದಿಲ್ಲ. ಮಕ್ಕಳು ಸಾಮಾನ್ಯವಾಗಿ ಅಪ್ಪನ ಕಡೆ. "ಬಾವ, ನನ್ನ ಮಕ್ಕಳು ಕೊಂಕಣಿಯಲ್ಲಿ ನಮೋ ಮರಿಯೆ ಪ್ರಾರ್ಥನೆ ಹೇಳುವುದಿಲ್ವಾ?" ಎಂದು ಕೇಳಿದಳು. ಅದು ಇಗರ್ಜಿ ಕಲಿಸುವುದಲ್ಲ, ಮಲಗಿಸುವಾಗ ನೀನೇ ಕಲಿಸಬೇಕು ಅಂದೆ. ಮದುವೆಗೆ ಮುಂಚೆ ನಾಲ್ಕು ಸಲ ಅಲ್ಲಿಯ ಕುರ್ಬಾನಕ್ಕೆ ಹೋಗಿ ಬಾ ಎಂದೂ ಹೇಳಿದೆ. ಎರಡು ಸಲ ಹೋಗಿದ್ದಾಳೆ.

ಪೆರಿಯದ ಹುಡುಗನಿಗೆ ಹತ್ತಿರದ್ದು ಸಾಕು. ನಡೆದು ಹೋಗುವಷ್ಟು ದೂರ, ಅರ್ಥವಾಗುವ ಇಂಗ್ಲಿಷ್, ಮಧ್ಯಾಹ್ನದ ಊಟಕ್ಕೆ ಕರೆಯುವ ಒಂದು ಮನೆ. ಸದಸ್ಯತ್ವ ಊರಿನಲ್ಲೇ ಇರಲಿ. ಓದುವ ಎರಡು ವರ್ಷಕ್ಕೆ ಹೆಸರು ಕೀಳಿಸಿ ಮತ್ತೆ ನೆಡುವುದು ಬೇಡ.

ಬೀದಿಯ ಅಕ್ಕನಿಗೆ ಹೇಳುವುದು ಸುಲಭವಾಗಿರಲಿಲ್ಲ. ಡಯಾಲಿಸಿಸ್ ವಾರಕ್ಕೆ ಮೂರು ಸಲ. ಕೂಟದ ಇಬ್ಬರು ಹೆಂಗಸರು ಪ್ರತಿ ಸಲವೂ ಆಸ್ಪತ್ರೆಯ ಹೊರಗೆ ಇವರ ಜೊತೆ ಕೂರುತ್ತಾರೆ. ಅವರ ಹಳೆಯ ಇಗರ್ಜಿಯಿಂದ ಎರಡು ತಿಂಗಳು ಯಾರೂ ಬಂದಿರಲಿಲ್ಲ. "ನೀವು ಎಂತ ಬೇಕಾದರೂ ಹೇಳಿ, ಬಂದವರು ಅವರಲ್ವಾ" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಶುಕ್ರವಾರದ ಕೂಟಕ್ಕೆ ಹೋಗಿ ಅಂದೆ. ಡಯಾಲಿಸಿಸ್ ನಿಲ್ಲಿಸುವ ಮಾತು ಯಾರಾದರೂ ಎತ್ತುತ್ತಾರಾ ನೋಡಿ ಅಂದೆ, ಇವತ್ತಿನವರೆಗೆ ಯಾರೂ ಎತ್ತಿಲ್ಲ. ಮುಳುಗು ಸ್ನಾನಕ್ಕೆ ಮಾತ್ರ ಒಂದು ವರ್ಷ ಕಾಯಿರಿ, ಕಷ್ಟದ ಹೊತ್ತಿನಲ್ಲಿ ಸ್ಮಶಾನದ ಜಾಗ ಬದಲಾಯಿಸುವ ತೀರ್ಮಾನ ಬೇಡ. ಹಾಡು, ಕೈಯೆತ್ತಿ ಪ್ರಾರ್ಥನೆ, ಇದೇ ಬೇಕೆಂದಾದರೆ ಕಥೋಲಿಕರಲ್ಲೂ ಉಂಟು. ಮೂಲ್ಕಿಯ ಡಿವೈನ್ ಕಾಲ್ ಸೆಂಟರಿನ ಧ್ಯಾನಕೂಟಗಳಿಗೆ ಇಲ್ಲಿಂದ ಜನ ಹೋಗುತ್ತಾರೆ. ಇದನ್ನೆಲ್ಲ ಹೇಳಿ ಬಂದು ಹೆಂಡತಿಗೆ ತಿಳಿಸಿದೆ. ಅವಳು ಗುರ್ಕಾರರಿಗೆ ಫೋನ್ ಮಾಡಿ ಬೈದಳು. ಮರುದಿನ ವಾಡೊದಿಂದ ಮೂರು ಜನ ಹೋದರಂತೆ, ಎರಡು ತಿಂಗಳು ತಡವಾಗಿ.

ನೀವೂ ನೋಡಲು ಹೊರಟರೆ ಹಬ್ಬದ ಭಾನುವಾರ ಹೋಗಬೇಡಿ. ಹಬ್ಬದ ದಿನ ಎಲ್ಲ ಇಗರ್ಜಿಯೂ ಚೆಂದ. ಜುಲೈಯಲ್ಲಿ ಜೋರು ಮಳೆ ಹೊಡೆಯುವ ಒಂದು ಭಾನುವಾರ ಹೋಗಿ, ಎಷ್ಟು ಜನ ಬಂದಿದ್ದಾರೆ, ನೆನೆದು ಬಂದವರಿಗೆ ಯಾರಾದರೂ ಬೆಂಚಿನಲ್ಲಿ ಜಾಗ ಬಿಡುತ್ತಾರಾ ನೋಡಿ. ಸಾಧ್ಯವಾದರೆ ಒಂದು ಸಾವಿನ ಮನೆಗೂ ಹೋಗಿ ಬನ್ನಿ. ಆಫೀಸಿಗೆ ಮಾತಾಡಲು ಹೋಗುವಾಗ ದೀಕ್ಷಾಸ್ನಾನದ ಪತ್ರ, ಮದುವೆ ಪತ್ರ, ಹಿಂದಿನ ಇಗರ್ಜಿಯ ಚೀಟಿ ಮೂರೂ ಜೆರಾಕ್ಸ್ ಮಾಡಿಸಿಕೊಳ್ಳಿ. ಪೂಜೆ ಮುಗಿದ ಕೂಡಲೇ ಹೋದರೆ ಸಿಗುತ್ತಾರೆ, ಹನ್ನೊಂದು ಗಂಟೆಯ ಮೇಲೆ ಆಫೀಸಿಗೆ ಬೀಗ.